ಫೋನು ಬಂತು, ಆಳು ಬರುವುದು ನಿಲ್ಲದಿರಲಿ

(ಸಂಘದ ರಜತ ಮಹೋತ್ಸವ ಸಮಾರಂಭದಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ನಮ್ಮ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಎರಡು ಮಾತಾಡಬೇಕು ಅಂತ ಆಡಳಿತ ಮಂಡಳಿಯವರು ಹೇಳಿದ್ದಾರೆ. ನಾವು ಓದಿದ್ದು ಎಸ್.ಎಸ್.ಎಲ್.ಸಿ. ಮಾತ್ರ. ದೊಡ್ಡ ಭಾಷಣ ನಮಗೆ ಬರೋದಿಲ್ಲ. ಬಿಳಿಗಿರಿರಂಗನ ಬೆಟ್ಟದ ಸೋಲಿಗರಾದ ನಮ್ಮ ಬದುಕಿನಲ್ಲಿ ರೇಡಿಯೋ, ಫೋನು ಏನು ಬದಲಾವಣೆ ತಂದವು, ಅದರಿಂದ ಸಂಘ ಏನು ಕಲಿಯಬೇಕು ಎಂಬುದನ್ನು ತಿಳಿದ ಮಟ್ಟಿಗೆ ಹೇಳುತ್ತೇವೆ.

ನಾವು ಹುಡುಗರಾಗಿದ್ದಾಗ ಪೋಡಿಗೆಲ್ಲ ಒಂದೇ ರೇಡಿಯೋ. ಸಂಜೆ ಮೈಸೂರು ಆಕಾಶವಾಣಿ ಹಾಕಿದರೆ ಜಗಲಿ ತುಂಬ ಜನ. ಅದು ಮುಗಿದ ಮೇಲೆ ಬೆಂಕಿ ಸುತ್ತ ಕೂತು ಅಜ್ಜಂದಿರು ಮಾತು ತೆಗೆಯೋರು. ಯಾವ ಮರಕ್ಕೆ ಹೆಜ್ಜೇನು ಕಟ್ಟುತ್ತೆ, ಯಾವ ಹಳ್ಳದಲ್ಲಿ ಬೇಸಿಗೆಗೂ ನೀರು ನಿಲ್ಲುತ್ತೆ, ಆನೆ ಯಾವ ದಾರಿ ಹಿಡಿಯುತ್ತೆ, ಎಲ್ಲ ಪಾಠವೂ ಅಲ್ಲೇ. ಸಾವಿನ ಸುದ್ದಿಯಾಗಲಿ, ಮದುವೆ ಸುದ್ದಿಯಾಗಲಿ, ಆಳು ನಡೆದು ಬಂದೇ ಹೇಳಬೇಕಿತ್ತು.

ಈಗ ಮನೆಮನೆಗೂ ಮೊಬೈಲು. ಇದರಿಂದ ಕೆಟ್ಟೆವು ಅಂದರೆ ಸುಳ್ಳಾಗುತ್ತದೆ. ಮೊದಲು ಕಾಫಿ ಕೊಳ್ಳಲು ಬಂದ ವ್ಯಾಪಾರಿ ಹೇಳಿದ್ದೇ ರೇಟು. ಈಗ ಫೋನಿನಲ್ಲಿ ರೇಟು ನೋಡಿಕೊಂಡೇ ಮೂಟೆ ಬಿಚ್ಚುತ್ತೇವೆ. ಬಸುರಿ ಹೆಂಗಸಿಗೆ ನೋವು ಬಂದರೆ ಹೊತ್ತುಕೊಂಡು ಹೋಗುವ ಕಾಲವಿತ್ತು. 2008ರಲ್ಲಿ 108 ಆಂಬುಲೆನ್ಸ್ ಬಂದ ಮೇಲೆ, ದಿಬ್ಬ ಹತ್ತಿ ನೆಟ್‌ವರ್ಕ್ ಹುಡುಕಿಯಾದರೂ ಕರೆಯಬಹುದು. ದಾರಿಯಲ್ಲಿ ಆನೆ ನಿಂತಿದ್ದರೆ ಕೆಲಸದಿಂದ ಬರುವವರಿಗೆ ಮುಂಚೆಯೇ ತಿಳಿಸುತ್ತೇವೆ.

ಇನ್ನೂ ಒಂದು ದೊಡ್ಡ ಉಪಕಾರ ನೆನೆಯಬೇಕು. ನಮ್ಮ ಒಂದೊಂದು ಎಲ್ಲೆಯಲ್ಲೂ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಅಂತ ಪೂಜೆಯ ಜಾಗಗಳಿವೆ. ಇವು ಯಾವ ಕಾಗದದಲ್ಲೂ ಇರಲಿಲ್ಲ. ಸಂಶೋಧಕರ ಜೊತೆ ನಮ್ಮ ಹಿರಿಯರು ಕಾಡೆಲ್ಲ ತಿರುಗಿ, ಜಿ.ಪಿ.ಎಸ್. ಯಂತ್ರದಿಂದ ಗುರುತು ಮಾಡಿಸಿ ನಕ್ಷೆ ಮಾಡಿದರು. 2011ರಲ್ಲಿ ಈ ಕಾಡು ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ 2006ರ ಅರಣ್ಯ ಹಕ್ಕು ಕಾಯ್ದೆಯ ಪ್ರಕಾರ ನಮ್ಮ ಹಲವು ಗ್ರಾಮಸಭೆಗಳಿಗೆ ಸಮುದಾಯ ಹಕ್ಕು ಪತ್ರವೂ ಸಿಕ್ಕಿತು. ಯಂತ್ರ ಗುರುತು ಹಾಕಿದ್ದು ನಿಜ. ಆದರೆ "ಇದೇ ಜಾಗ" ಅಂತ ಬೆರಳು ತೋರಿಸಿದವರು ಯಾರು? ಅಜ್ಜಂದಿರು. ಅವರಿಗೆ ತಿಳಿಯದಿದ್ದರೆ ಯಂತ್ರಕ್ಕೇನು ತಿಳಿದೀತು?

ನಮ್ಮ ಭಯ ಇರುವುದು ಇಲ್ಲೇ. ರೇಡಿಯೋ ನಮ್ಮನ್ನು ಒಂದೇ ಜಗಲಿಯಲ್ಲಿ ಕೂರಿಸಿತ್ತು. ಫೋನು ಒಂದೇ ಮನೆಯಲ್ಲಿ ನಾಲ್ಕು ಮೂಲೆಗೆ ಕೂರಿಸಿದೆ. ಬೆಂಕಿ ಹತ್ತಿರ ಅಜ್ಜ ಒಬ್ಬನೇ. ಸೋಲಿಗ ನುಡಿಯಲ್ಲಿ ಹತ್ತು ಮರದ ಹೆಸರು ಹೇಳು ಅಂದರೆ ನಮ್ಮ ಮಕ್ಕಳು ತಡವರಿಸುತ್ತಾರೆ. ಸಾವಿನ ಸುದ್ದಿ ಬಂದರೆ ಕೈ ಮುಗಿಯುವ ಚಿತ್ರ ಕಳಿಸಿ ಸುಮ್ಮನಾಗುವವರೂ ಇದ್ದಾರೆ.

ಸಂಘವೂ ಈ ತಪ್ಪು ಮಾಡಿದೆ, ಮುಚ್ಚಿಡುವುದಿಲ್ಲ. ಹೋದ ವರ್ಷ ಮಹಾಸಭೆಯ ತಿಳುವಳಿಕೆಯನ್ನು ವಾಟ್ಸಪ್ಪಿನಲ್ಲಿ ಮಾತ್ರ ಹಾಕಿದೆವು. ಆ ಸಭೆಯಲ್ಲೇ ಆಡು ಸಾಕಣೆ ಸಾಲದ ಪಟ್ಟಿ ತಯಾರಾಯಿತು. ಫೋನಿಲ್ಲದ ಹಿರಿಯರು ಬರಲಿಲ್ಲ, ಅವರ ಹೆಸರು ಬಿಟ್ಟುಹೋಯಿತು. ಒಬ್ಬ ಅಜ್ಜಿ ಕೋಲೂರಿಕೊಂಡು ಕಛೇರಿಗೆ ಬಂದು, "ಅಲ್ಲ ಮಗ, ಮೊದಲು ಆಳು ಬಂದು ಹೇಳ್ತಿದ್ದ. ಈಗ ಫೋನಿದ್ದವರಿಗೆ ಮಾತ್ರನಾ ಸಂಘ? ನಾವು ಕಟ್ಟಿದ ಷೇರು ದುಡ್ಡು ದುಡ್ಡಲ್ವಾ?" ಅಂತ ಕೇಳಿತು. ನಿರ್ದೇಶಕರಾದ ನಮಗೆ ತಲೆ ಎತ್ತಲು ಆಗಲಿಲ್ಲ. ಮುಂದಿನ ಮಂಡಳಿ ಸಭೆಯಲ್ಲಿ ಪಟ್ಟಿ ತಿದ್ದಿದೆವು.

ಆದ್ದರಿಂದ ಈ ಸಭೆಯ ಮುಂದೆ ಮೂರು ಕೋರಿಕೆ ಇಡುತ್ತೇವೆ. ಒಂದು, ತಿಳುವಳಿಕೆ ಫೋನಿನಲ್ಲೂ ಹೋಗಲಿ, ಪೋಡು ಪೋಡಿಗೆ ಆಳೂ ಹೋಗಲಿ. ಎರಡು, ತಿಂಗಳಿಗೊಂದು ಸಂಜೆ ಸಂಘದ ಕಟ್ಟಡದಲ್ಲಿ ಹಿರಿಯರನ್ನು ಕೂರಿಸಿ, ಒಪ್ಪಿಗೆ ಪಡೆದು, ಅವರ ಮಾತು, ಹಾಡನ್ನು ನಮ್ಮ ಹುಡುಗರೇ ಫೋನಿನಲ್ಲಿ ಹಿಡಿದಿಡಲಿ. ಆ ಸಂಜೆ ಮಕ್ಕಳೂ ಎದುರಿಗೆ ಕೂತು ಕೇಳಲಿ. ಮೂರು, ಜೇನು ಮರದ ಜಾಗ, ದೇವರ ಜಾಗದ ಗುರುತನ್ನು ಯಾರೂ ಹೊರಗಿನವರಿಗೆ ಕಳಿಸಬಾರದು. ಒಮ್ಮೆ ಹೋದದ್ದು ವಾಪಸು ಬರೋದಿಲ್ಲ.

ಫೋನು ಕೈಯಲ್ಲಿರಲಿ, ಬೇಡ ಅನ್ನುವುದಿಲ್ಲ. ಸಹಕಾರ ಅಂದರೆ ಒಬ್ಬರು ಇನ್ನೊಬ್ಬರ ಮನೆ ಬಾಗಿಲಿಗೆ ಹೋಗುವುದು. ಅದನ್ನು ಬಿಡುವುದು ಬೇಡ. ಮಾತಿನಲ್ಲಿ ತಪ್ಪಿದ್ದರೆ ಹಿರಿಯರು ಮನ್ನಿಸಬೇಕು.