ದೇವರ ಬಿರುದು, ಅರಸನ ಹಕ್ಕು



ಶಾಸನದ ಬಿರುದಾವಳಿಯನ್ನು ಬರಿಯ ಹೊಗಳಿಕೆಯೆಂದು ಬದಿಗಿರಿಸಿ ‘ವಿಷಯ’ಕ್ಕೆ ಧಾವಿಸುವ ಅಭ್ಯಾಸ ನಮ್ಮಲ್ಲಿ ಅನೇಕರಿಗಿದೆ. ಪ್ರಾಚೀನ ಮೆಸೊಪೊಟೇಮಿಯದ ರಾಜಶಾಸನಗಳ ಮಟ್ಟಿಗಂತೂ ಇದು ಸಲ್ಲದು. ಅಲ್ಲಿ ಬಿರುದೇ ವಿಷಯ.

ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯದಲ್ಲಿರುವ ಹಮ್ಮುರಾಬಿಯ ಕಾನೂನು ಶಾಸನವನ್ನು ನೋಡಿ. ಕ್ರಿ.ಪೂ. 18ನೆಯ ಶತಮಾನದ್ದು. ಅನು ಮತ್ತು ಎನ್ಲಿಲ್ ದೇವರುಗಳು ಮರ್ದುಕನಿಗೆ ಸಕಲ ಜನರ ಮೇಲಣ ‘ಎನ್ಲಿಲ್‌ತನ’ವನ್ನು ವಿಧಿಸಿದರೆಂದು ಅದರ ಪೀಠಿಕೆ ಸಾರುತ್ತದೆ. ನಿಪ್ಪುರದ ದೇವರೊಬ್ಬನ ಹೆಸರು ಇಲ್ಲಿ ಪದವಿಯೇ ಆಗಿಬಿಟ್ಟಿದೆ! ಬ್ಯಾಬಿಲೋನ್ ಆಗ ಹೊಸದಾಗಿ ತಲೆಯೆತ್ತಿದ್ದ ನಗರ; ಅದರ ದೇವರಿಗೆ ಹಳೆಯ ಪಟ್ಟ ಬೇಕಾಗಿತ್ತು. ಎನ್ಲಿಲನನ್ನು ಯಾರೂ ಕೆಳಗಿಳಿಸಲಿಲ್ಲ. ಅವನ ಕೈಯಿಂದಲೇ ಪಟ್ಟ ಕಟ್ಟಿಸಿದರು. ಆಸ್ಥಾನದ ಬರಹಗಾರರ ಜಾಣತನಕ್ಕೆ ನಾನು ತಲೆದೂಗುತ್ತೇನೆ, ಭಕ್ತಿಗಲ್ಲ.

ಇದಕ್ಕೂ ಹಿಂದೆ, ಕ್ರಿ.ಪೂ. 23ನೆಯ ಶತಮಾನದಲ್ಲಿ, ಅಕ್ಕಾದಿನ ನರಾಂಸಿನ್ ತನ್ನ ಹೆಸರಿನ ಮುಂದೆಯೇ ದೇವರ ನಕ್ಷತ್ರಚಿಹ್ನೆಯನ್ನು ಬರೆಯಿಸಿಕೊಂಡ. ‘ನಾಲ್ಕು ದಿಕ್ಕುಗಳ ಅರಸ’ ಎಂಬ ಬಿರುದನ್ನು ಮೊದಲು ಧರಿಸಿದವನೂ ಅವನೇ.

ಆದರೆ ಬಿರುದಿನ ಬೆಲೆ ನಿಚ್ಚಳವಾಗಿ ಕಾಣುವುದು ಬ್ಯಾಬಿಲೋನಿನ ಕೊನೆಯ ದಿನಗಳಲ್ಲಿ. ಅರಸ ನಬೊನಿದಸ್ ಹರಾನಿನ ಚಂದ್ರದೇವ ಸಿನ್‌ನನ್ನು ಆರಾಧಿಸಿದವನು. ಅವನ ತಾಯಿಯೂ ಆ ದೇವರ ಭಕ್ತೆ. ಅವನ ಮೊದಲ ಶಾಸನಗಳಲ್ಲಿ ಮರ್ದುಕನಿಗೆ ಹಿರಿಯ ಸ್ಥಾನವಿದೆ. ಬರಬರುತ್ತ ‘ದೇವರುಗಳ ಅರಸ’ ಎಂಬ ಬಿರುದು ಸಿನ್‌ನ ಪಾಲಾಗುತ್ತದೆ. ಮರ್ದುಕನ ಅರ್ಚಕವರ್ಗಕ್ಕೆ ಇದು ಬರಿಯ ಶಬ್ದವೆ? ಗುಡಿ, ಭೂಮಿ, ಕಾಣಿಕೆ, ವರ್ಷಾರಂಭದ ಉತ್ಸವ, ಇವೆಲ್ಲ ಆ ಶಬ್ದಕ್ಕೆ ತಳುಕು ಹಾಕಿಕೊಂಡಿದ್ದವು. ಅರಸನೋ ಹತ್ತು ವರ್ಷ ಅರೇಬಿಯದ ತೇಮಾದಲ್ಲಿ ನೆಲೆಸಿದ್ದ. ಅವನಿಲ್ಲದೆ ಉತ್ಸವ ನಿಂತಿತು.

ಕ್ರಿ.ಪೂ. 539ರಲ್ಲಿ ಪರ್ಷಿಯಾದ ಸೈರಸ್ ನಗರವನ್ನು ಗೆದ್ದ. 1879ರಲ್ಲಿ ದೊರೆತು ಈಗ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿರುವ ಅವನ ಮಣ್ಣಿನ ಸಿಲಿಂಡರು, ಪ್ರಜೆಗಳ ದೂರನ್ನು ಕೇಳಿ ‘ದೇವರುಗಳ ಎನ್ಲಿಲ್’ ಕೆರಳಿದನೆನ್ನುತ್ತದೆ. ಯಾರೀ ಎನ್ಲಿಲ್? ಮರ್ದುಕನೇ. ಹಮ್ಮುರಾಬಿಯ ಕಾಲದ ಆ ಪದವಿ ಮತ್ತೆ ಮರ್ದುಕನ ಹೆಗಲೇರಿದೆ. ಅವನು ಯೋಗ್ಯ ಅರಸನನ್ನು ಹುಡುಕಿ ಸೈರಸನ ಕೈ ಹಿಡಿಯುತ್ತಾನೆ. ಗೆದ್ದವನ ಪರವಾಗಿ ಸೋತ ಊರಿನ ದೇವರೇ ಸಾಕ್ಷಿ ನುಡಿಯುವ ವ್ಯವಸ್ಥೆಯಿದು.

1971ರಲ್ಲಿ ಇರಾನಿನ ರಾಜಮನೆತನ ಇದರ ಪ್ರತಿಕೃತಿಯನ್ನು ವಿಶ್ವಸಂಸ್ಥೆಗೆ ಕೊಟ್ಟಿತು. ಮಾನವ ಹಕ್ಕುಗಳ ಮೊದಲ ಸನ್ನದು ಎಂಬ ಹೊಸ ಬಿರುದೂ ಸಿಲಿಂಡರಿಗೆ ಅಂಟಿತು. ಒಪ್ಪುವುದು ನನಗೆ ಕಷ್ಟ. ಗಡಿಪಾರಾದ ದೇವರುಗಳನ್ನೂ ಜನರನ್ನೂ ಅವರವರ ನೆಲೆಗೆ ಮರಳಿಸಿದೆನೆಂದು ಸೈರಸ್ ಹೇಳಿಕೊಳ್ಳುವುದು ನಿಜ. ಆದರೆ ಅದನ್ನು ಹೇಳುವವನು ‘ನಾಲ್ಕು ದಿಕ್ಕುಗಳ ಅರಸ’. ನುಡಿ ಬ್ಯಾಬಿಲೋನಿನದು, ದೇವರು ಬ್ಯಾಬಿಲೋನಿನವನು. ಉಳಿದುಬಂದ ಸಾಲುಗಳಲ್ಲಿ ಪರ್ಷಿಯನ್ನರ ಅಹುರಮಜ್ದನ ಹೆಸರು ಒಮ್ಮೆಯೂ ಬರುವುದಿಲ್ಲ.