ಹವೆಯ ನಕ್ಷೆಯನ್ನು ಓದುವ ಬಗೆ



ಆಕಾಶವನ್ನು ಓದುವ ವಿದ್ಯೆ ನಮ್ಮ ರೈತನಿಗೆ ಹೊಸದಲ್ಲ. ಭರಣಿಯಿಂದ ಸ್ವಾತಿಯವರೆಗೆ ಮಳೆಯ ನಕ್ಷತ್ರಗಳನ್ನು ಎಣಿಸಿಟ್ಟುಕೊಂಡು, ಯಾವ ಮಳೆಗೆ ಉಳುಮೆ, ಯಾವ ಮಳೆಗೆ ಬಿತ್ತನೆ ಎಂಬುದನ್ನು ಗೊತ್ತುಮಾಡಿಕೊಂಡು ಬಂದವನು ಆತ. ಆದರೆ ನಕ್ಷತ್ರದ ಲೆಕ್ಕವು ಮಳೆಯ ಕಾಲವನ್ನು ಹೇಳಬಲ್ಲುದೇ ಹೊರತು, ಈ ವರ್ಷದ ಈ ದಿನ ಏನಾಗುವುದೆಂಬುದನ್ನು ಹೇಳಲಾರದು. ಕಣ್ಣಿಗೆ ಕಾಣುವ ಆಕಾಶವಾದರೋ ಒಂದು ಊರಿನ ಆಕಾಶ ಮಾತ್ರ. ದೇಶದ ಆಕಾಶವನ್ನೆಲ್ಲ ಒಂದು ಹಾಳೆಯ ಮೇಲೆ ಏಕಕಾಲದಲ್ಲಿ ತೋರಿಸುವ ಸಾಧನವೇ ಹವೆಯ ನಕ್ಷೆ. ಅದರ ಗುರುತುಗಳ ಅರ್ಥವೇನು, ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ನಾವು ಅದರಲ್ಲಿ ಎಲ್ಲಿ ನೋಡಬೇಕು ಎಂಬುದನ್ನು ಈಗ ವಿಚಾರಮಾಡೋಣ.

ಮೊದಲು ಇದರ ಹಿನ್ನೆಲೆಯನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇವೆ. ಗಾಳಿಗಿಂತ ಸುದ್ದಿ ಬೇಗ ಓಡಿದಲ್ಲದೆ ಹವೆಯ ನಕ್ಷೆಯಿಂದ ಪ್ರಯೋಜನವಿಲ್ಲ. ಆದುದರಿಂದ ತಂತಿಯ ವ್ಯವಸ್ಥೆ ಬರುವವರೆಗೆ ಅದು ವಿದ್ವಾಂಸರ ಕುತೂಹಲವಾಗಿಯೇ ಉಳಿದಿತ್ತು. ನಮ್ಮ ದೇಶದಲ್ಲಿ 1864ರಲ್ಲಿ ಕಲ್ಕತ್ತೆಯನ್ನು ಹಾಳುಗೆಡಹಿದ ಚಂಡಮಾರುತ, 1866 ಮತ್ತು 1871ರಲ್ಲಿ ಕೈಕೊಟ್ಟ ಮುಂಗಾರು, ಇವುಗಳಿಂದ ಪಾಠ ಕಲಿತು 1875ರಲ್ಲಿ ಹವಾಮಾನ ಇಲಾಖೆಯನ್ನು ಸ್ಥಾಪಿಸಿದರು. ಮರುವರ್ಷವೇ ಮೈಸೂರು ಸೀಮೆಯಲ್ಲಿ ಧಾತು ಈಶ್ವರ ಸಂವತ್ಸರಗಳ ಘೋರ ಕ್ಷಾಮವು ಮೊದಲಾಯಿತು. ಮುಂದೆ ಮೈಸೂರು ಸಂಸ್ಥಾನವೂ ತನ್ನದೇ ಆದ ಏರ್ಪಾಡನ್ನು ಮಾಡಿಕೊಂಡಿತು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಜಾನ್ ಕುಕ್ ಎಂಬವರ ಮೇಲ್ವಿಚಾರಣೆಯಲ್ಲಿ ಬೆಂಗಳೂರು, ಮೈಸೂರು, ಹಾಸನ, ಚಿತ್ರದುರ್ಗ ಈ ನಾಲ್ಕು ಕಡೆಗಳ 1893ನೆಯ ಇಸವಿಯ ವೀಕ್ಷಣಗಳು ಪುಸ್ತಕರೂಪವಾಗಿ ಅಚ್ಚಾದುವು.

ಇನ್ನು ನಕ್ಷೆಗೆ ಬರೋಣ. ಬೆಳಿಗ್ಗೆ 8-30ಕ್ಕೆ ದೇಶದ ವೀಕ್ಷಣಾಲಯಗಳಲ್ಲೆಲ್ಲ ಒಂದೇ ಸಮಯದಲ್ಲಿ ಉಪಕರಣಗಳನ್ನು ನೋಡಿ ಬರೆದುಕೊಳ್ಳುತ್ತಾರೆ. ಹಿಂದಿನ 24 ಗಂಟೆಗಳ ಮಳೆಯನ್ನು ಅಳೆಯುವುದೂ ಆಗಲೇ. ನಕ್ಷೆಯ ಮೇಲೆ ಪ್ರತಿಯೊಂದು ವೀಕ್ಷಣಾಲಯಕ್ಕೂ ಒಂದು ಸಣ್ಣ ವೃತ್ತವುಂಟು. ಈ ವೃತ್ತವೇ ಆ ಊರಿನ ಆಕಾಶ. ಅದು ಬರಿದಾಗಿದ್ದರೆ ಆಕಾಶ ನಿರ್ಮಲ. ಅರ್ಧ ಕಪ್ಪಾಗಿದ್ದರೆ ಅರ್ಧ ಮೋಡ. ಪೂರ್ತಿ ಕಪ್ಪಾಗಿದ್ದರೆ ಆಕಾಶವೆಲ್ಲ ಕವಿದಿದೆಯೆಂದು ಅರ್ಥ. ಲೆಕ್ಕವು ಎಂಟನೆಯ ಒಂದು ಪಾಲಿನದು. ನಮ್ಮ ವೀಸ, ಅರೆವೀಸಗಳ ಲೆಕ್ಕ ಬಲ್ಲವರಿಗೆ ಇದೇನೂ ಕಷ್ಟವಲ್ಲ.

ವೃತ್ತದಿಂದ ಹೊರಟ ಒಂದು ಕಡ್ಡಿಯು ಗಾಳಿಯನ್ನು ತೋರಿಸುತ್ತದೆ. ಇಲ್ಲಿ ಒಂದು ಎಚ್ಚರಿಕೆ ಬೇಕು. ಕಡ್ಡಿ ಚಾಚಿರುವುದು ಗಾಳಿ ಹೋಗುವ ದಿಕ್ಕಿಗಲ್ಲ, ಬರುವ ದಿಕ್ಕಿಗೆ. ಕಡ್ಡಿಯು ನೈಋತ್ಯಕ್ಕೆ ಚಾಚಿದ್ದರೆ ಗಾಳಿಯು ನೈಋತ್ಯದಿಂದ ಬೀಸುತ್ತಿದೆ. ಕಡ್ಡಿಯ ತುದಿಯಲ್ಲಿ ಹಕ್ಕಿಯ ಗರಿಯಂತೆ ಗೀಟುಗಳಿರುತ್ತವೆ. ಅರ್ಧ ಗರಿಗೆ 5 ನಾಟ್, ಪೂರ್ಣ ಗರಿಗೆ 10 ನಾಟ್, ತ್ರಿಕೋಣದ ಬಾವುಟಕ್ಕೆ 50 ನಾಟ್ ವೇಗ. ಒಂದು ನಾಟ್ ಎಂದರೆ ಗಂಟೆಗೆ 1.85 ಕಿಲೋಮೀಟರು.

ವೃತ್ತದ ಎಡಕ್ಕೆ ಮೇಲುಗಡೆ ಉಷ್ಣತೆಯ ಅಂಕೆ, ಕೆಳಗಡೆ ಇಬ್ಬನಿ ಕಟ್ಟುವ ಉಷ್ಣತೆಯ ಅಂಕೆ. ಇವೆರಡೂ ಹತ್ತಿರ ಹತ್ತಿರ ಇದ್ದಷ್ಟೂ ಗಾಳಿಯು ತೇವದಿಂದ ತುಂಬಿದೆ; ದೂರವಾದಷ್ಟೂ ಒಣಗಾಳಿ. ಇವುಗಳ ನಡುವೆ ಬರೆಯುವ ಗುರುತು ಆ ವೇಳೆಯಲ್ಲಿ ನಡೆಯುತ್ತಿರುವ ಸಂಗತಿ. ಚುಕ್ಕೆಯಿದ್ದರೆ ಮಳೆ, ಅಲ್ಪವಿರಾಮದಂಥ ಚಿಹ್ನೆಯಿದ್ದರೆ ತುಂತುರು, ತಲೆಕೆಳಗಾದ ತ್ರಿಕೋಣವಿದ್ದರೆ ಬಿಟ್ಟು ಬಿಟ್ಟು ಹೊಡೆಯುವ ಹನಿ, ಮೂರು ಅಡ್ಡಗೀಟಿದ್ದರೆ ದಟ್ಟ ಮಂಜು, ಬಾಣದ ಮೊನೆಯಿರುವ ಮುರಿದ ಗೀಟಿದ್ದರೆ ಗುಡುಗು.

ಬಲಗಡೆ ಮೇಲೆ ಮೂರು ಅಂಕೆಗಳಿರುತ್ತವೆ. ಅದು ವಾಯುಭಾರ. ಸ್ಥಳವನ್ನು ಉಳಿಸುವುದಕ್ಕಾಗಿ ಮೊದಲ ಅಂಕೆಗಳನ್ನೂ ದಶಾಂಶದ ಚುಕ್ಕೆಯನ್ನೂ ಬಿಟ್ಟಿರುತ್ತಾರೆ. 082 ಎಂದು ಬರೆದಿದ್ದರೆ 1008.2 ಎಂದೂ, 964 ಎಂದು ಬರೆದಿದ್ದರೆ 996.4 ಎಂದೂ ಓದಬೇಕು. ಮಾನವು ಮಿಲಿಬಾರ್, ಈಗ ಅದನ್ನೇ ಹೆಕ್ಟೊಪಾಸ್ಕಲ್ ಎಂದು ಕರೆಯುತ್ತಾರೆ. ಮಂಡ್ಯವು ಸಮುದ್ರಮಟ್ಟಕ್ಕಿಂತ ಸುಮಾರು 2,200 ಅಡಿ ಎತ್ತರದಲ್ಲಿದೆ. ಎತ್ತರಕ್ಕೆ ಏರಿದಷ್ಟೂ ತಲೆಯ ಮೇಲಿನ ಗಾಳಿ ಕಡಮೆಯಾಗಿ ಭಾರವೂ ಇಳಿಯುವುದು. ಈ ಎತ್ತರದ ವ್ಯತ್ಯಾಸವನ್ನು ಕಳೆಯದೆ ಹೋದರೆ ನಕ್ಷೆಯು ಹವೆಯ ನಕ್ಷೆಯಾಗದೆ ಬೆಟ್ಟಗುಡ್ಡಗಳ ನಕ್ಷೆಯಾದೀತು. ಆದುದರಿಂದ ಪ್ರತಿ ಊರೂ ಸಮುದ್ರದ ಮಟ್ಟದಲ್ಲಿದ್ದಿದ್ದರೆ ಎಷ್ಟು ಭಾರವಿರುತ್ತಿತ್ತೆಂದು ಲೆಕ್ಕ ಹಾಕಿ ಬರೆಯುತ್ತಾರೆ.

ಸಮನಾದ ಭಾರವಿರುವ ಸ್ಥಳಗಳನ್ನು ಕೂಡಿಸಿ ಎಳೆದ ಗೆರೆಗಳೇ ಸಮಭಾರ ರೇಖೆಗಳು. ನಮ್ಮ ದೇಶದ ನಕ್ಷೆಗಳಲ್ಲಿ ಎರಡೆರಡು ಮಿಲಿಬಾರಿಗೆ ಒಂದು ರೇಖೆ. ರೇಖೆಗಳು ಒತ್ತಾಗಿದ್ದ ಕಡೆ ಗಾಳಿ ಜೋರು; ಅಗಲವಾಗಿದ್ದ ಕಡೆ ಮಂದ. ರೇಖೆಗಳು ಸುತ್ತುಗಟ್ಟಿ ಒಳಕ್ಕೆ ಹೋದಂತೆ ಭಾರ ಇಳಿಯುತ್ತ ಹೋದರೆ ಅದು ಕಡಮೆ ಭಾರದ ಕೇಂದ್ರ. ಅಲ್ಲಿ ಇಂಗ್ಲಿಷಿನ 'ಎಲ್' ಅಕ್ಷರವನ್ನು ಬರೆದಿರುತ್ತಾರೆ. ಭಾರ ಹೆಚ್ಚಿರುವ ಕೇಂದ್ರಕ್ಕೆ 'ಎಚ್' ಅಕ್ಷರ. ಹಾಲೆಂಡಿನ ಬಾಯ್ಸ್ ಬಲ್ಲೊಟ್ ಎಂಬ ವಿಜ್ಞಾನಿಯು 1857ರಲ್ಲಿ ಪ್ರಕಟಿಸಿದ ಒಂದು ಸೂತ್ರವನ್ನು ನೆನಪಿನಲ್ಲಿಟ್ಟರೆ ಸಾಕು: ಭೂಮಿಯ ಉತ್ತರಾರ್ಧದಲ್ಲಿ, ಗಾಳಿಗೆ ಬೆನ್ನುಕೊಟ್ಟು ನಿಂತರೆ ಕಡಮೆ ಭಾರವು ನಮ್ಮ ಎಡಗೈಯ ಕಡೆಗಿರುತ್ತದೆ. ಅಂದರೆ ಗಾಳಿಯು ಕಡಮೆ ಭಾರದ ಕೇಂದ್ರವನ್ನು ಅಪ್ರದಕ್ಷಿಣವಾಗಿ ಸುತ್ತುತ್ತದೆ. ಹಾಗೆ ಸುತ್ತುತ್ತ ಒಳಸರಿದ ತೇವದ ಗಾಳಿಯು ಮೇಲಕ್ಕೇರಿ, ತಣ್ಣಗಾಗಿ, ಮೋಡವಾಗಿ ಮಳೆಗರೆಯುವುದು.

ಇಷ್ಟು ತಿಳಿದ ಮೇಲೆ ನಮ್ಮ ಜಿಲ್ಲೆಯ ಪ್ರಶ್ನೆಗೆ ಬರಬಹುದು. ನಮ್ಮ ರೈತನು ನಕ್ಷೆಯಲ್ಲಿ ಎಲ್ಲಿ ನೋಡಬೇಕು? ತನ್ನ ಊರಿನ ಮೇಲೆ ಎಂದು ಯಾರಾದರೂ ಹೇಳಿಯಾರು. ಆದರೆ ಮಂಡ್ಯ ಸೀಮೆಗೆ ಒಂದು ಆಕಾಶವಲ್ಲ, ಎರಡು ಆಕಾಶಗಳುಂಟು. ವಿಶ್ವೇಶ್ವರಯ್ಯ ನಾಲೆಯ ಕೆಳಗೆ ಬತ್ತ, ಕಬ್ಬು ಬೆಳೆಯುವ ಮಂಡ್ಯ ಮದ್ದೂರುಗಳ ರೈತನ ಮಳೆ ಬೀಳುವುದು ಅವನ ಗದ್ದೆಯ ಮೇಲಲ್ಲ. ಕೊಡಗು, ಹಾಸನಗಳ ಮಲೆಗಳ ಮೇಲೆ. ಕಾವೇರಿ, ಹೇಮಾವತಿ, ಲಕ್ಷ್ಮಣತೀರ್ಥಗಳು ಆ ನೀರನ್ನು ಕೃಷ್ಣರಾಜಸಾಗರಕ್ಕೆ ತಂದು, ಮಟ್ಟವು 124.80 ಅಡಿಗೆ ಏರಿದರೆ ಕಟ್ಟೆ ತುಂಬಿತು. ಹುಲಿಕೆರೆಯ ಸುರಂಗವನ್ನು ಹಾಯ್ದು ಅದೇ ನೀರು ಇವನ ತೂಬಿಗೆ ಬರುವುದು. ಆದುದರಿಂದ ಜೂನ್‌ನಿಂದ ಆಗಸ್ಟ್‌ವರೆಗೆ ಇವನು ಪಶ್ಚಿಮ ಕರಾವಳಿಯನ್ನು ನೋಡಬೇಕು. ಅಲ್ಲಿ ಸಮಭಾರ ರೇಖೆಗಳು ಕರಾವಳಿಯುದ್ದಕ್ಕೂ ಕಣಿವೆಯಂತೆ ಬಾಗಿದ್ದು, ಗಾಳಿಯ ಕಡ್ಡಿಗಳು ಪಶ್ಚಿಮಕ್ಕೆ ಚಾಚಿ ಗರಿ ತುಂಬಿಕೊಂಡಿದ್ದರೆ, ಘಟ್ಟದ ಮೇಲೆ ಮಳೆ ಬಲವಾಗಿದೆ. ಮಂಡ್ಯದಲ್ಲಿ ಬಿಸಿಲು ಕಾಯುತ್ತಿದ್ದರೂ ನಾಲೆಗೆ ನೀರು ಬಂದೀತೆಂದು ಧೈರ್ಯ ತಾಳಬಹುದು.

ಮಳವಳ್ಳಿಯ ಬೆದ್ದಲು ಹೊಲದಲ್ಲಿ ರಾಗಿ ಬಿತ್ತಿದ ರೈತನ ಸಂಗತಿ ಬೇರೆ. ಘಟ್ಟದ ಮರೆಯಲ್ಲಿರುವ ಈ ಬಯಲಿಗೆ ಮುಂಗಾರಿನ ಗಾಳಿಯು ತೇವವನ್ನು ಇಳಿಸಿಯೇ ಬರುತ್ತದೆ. ಜಿಲ್ಲೆಯ ವರ್ಷದ ಮಳೆ ಸುಮಾರು 700 ಮಿಲಿಮೀಟರು. ಅದರಲ್ಲಿ ದೊಡ್ಡ ಪಾಲು ಮೇ ತಿಂಗಳ ಗುಡುಗಿನ ಮಳೆಯಲ್ಲಿಯೂ, ಸೆಪ್ಟೆಂಬರ್ ಅಕ್ಟೋಬರ್ ತಿಂಗಳುಗಳಲ್ಲಿಯೂ ಬರುತ್ತದೆ. ಹಿಂಗಾರಿನಲ್ಲಿ ಇವನು ಮುಖವನ್ನು ಪೂರ್ವಕ್ಕೆ ತಿರುಗಿಸಿ ಬಂಗಾಳ ಕೊಲ್ಲಿಯನ್ನು ನೋಡಬೇಕು.

ಇದರ ಪ್ರಯೋಜನವನ್ನು ಒಂದು ಉದಾಹರಣೆಯಿಂದ ನೋಡೋಣ. ನವೆಂಬರ್ ತಿಂಗಳು; ರಾಗಿ ಕುಯಿಲಿಗೆ ಬಂದಿದೆ. ಮಳವಳ್ಳಿಯಲ್ಲಿ ಹೂಬಿಸಿಲು. ಆದರೆ ನಕ್ಷೆಯಲ್ಲಿ ಕೊಲ್ಲಿಯ ನೈಋತ್ಯ ಭಾಗದಲ್ಲಿ ಎರಡು ರೇಖೆಗಳು ಸುತ್ತುಗಟ್ಟಿವೆ. ತಮಿಳುನಾಡಿನ ಕರಾವಳಿಯಲ್ಲಿ ಕಡ್ಡಿಗಳು ಈಶಾನ್ಯಕ್ಕೆ ಚಾಚಿವೆ, ವೃತ್ತಗಳು ಕಪ್ಪಾಗಿವೆ. ಗಾಳಿಯ ವೇಗ 17 ನಾಟ್ ಮುಟ್ಟಿದರೆ ಅದಕ್ಕೆ ವಾಯುಭಾರ ಕುಸಿತವೆಂದೂ, 34 ನಾಟ್ ಮುಟ್ಟಿದರೆ ಚಂಡಮಾರುತವೆಂದೂ ಹೆಸರು. ಮರುದಿನದ ನಕ್ಷೆಯಲ್ಲಿ ಆ ಸುತ್ತು ಪಶ್ಚಿಮಕ್ಕೆ ಸರಿದಿದೆ. ಈಗ ರೈತನು ಯೋಚಿಸಬೇಕು. ಪೈರನ್ನು ಕೊಯ್ದು ಅರಿಯನ್ನು ಹೊಲದಲ್ಲಿ ಹರಡಿದನಾದರೆ ತೆನೆ ನೆನೆದು ಮೊಳೆತುಹೋಗುವ ಭಯ. ಕೊಯ್ದದ್ದಿದ್ದರೆ ಇಂದೇ ಮೆದೆಯೊಟ್ಟಿ ಮುಚ್ಚಬೇಕು, ಕೊಯ್ಯದಿದ್ದರೆ ಎರಡು ದಿನ ತಡೆಯಬೇಕು. ಒಂದೇ ನಕ್ಷೆಯು ಒಂದು ಚಿತ್ರ. ಎರಡು ದಿನಗಳ ನಕ್ಷೆಗಳನ್ನು ಪಕ್ಕಪಕ್ಕದಲ್ಲಿಟ್ಟರೆ ಅದು ನಡಗೆ.

ನಕ್ಷೆಯೊಡನೆ ಪ್ರಕಟವಾಗುವ ಮುನ್ಸೂಚನೆಯ ಮಾತುಗಳಿಗೂ ಅಳತೆಯಿದೆ. ಇಲಾಖೆಯು ಕರ್ನಾಟಕವನ್ನು ಕರಾವಳಿ, ಉತ್ತರ ಒಳನಾಡು, ದಕ್ಷಿಣ ಒಳನಾಡು ಎಂದು ಮೂರಾಗಿ ವಿಂಗಡಿಸಿದೆ. 'ಒಂದೆರಡು ಕಡೆ ಮಳೆ' ಎಂದರೆ ಆ ಭಾಗದ ವೀಕ್ಷಣಾ ಕೇಂದ್ರಗಳಲ್ಲಿ ನೂರಕ್ಕೆ 25ರವರೆಗೆ. 'ಕೆಲವು ಕಡೆ' ಎಂದರೆ 26ರಿಂದ 50. 'ಹಲವು ಕಡೆ' ಎಂದರೆ 51ರಿಂದ 75. 'ಬಹುತೇಕ ಕಡೆ' ಎಂದರೆ ಅದಕ್ಕೂ ಹೆಚ್ಚು. ಕೊಡಗೂ ಮಳವಳ್ಳಿಯೂ ಒಂದೇ ದಕ್ಷಿಣ ಒಳನಾಡಿಗೆ ಸೇರಿವೆಯೆಂಬುದನ್ನು ಮರೆಯಬಾರದು. 'ದಕ್ಷಿಣ ಒಳನಾಡಿನ ಕೆಲವು ಕಡೆ ಮಳೆ' ಎಂಬ ಮಾತು ಮಡಿಕೇರಿಯಲ್ಲಿ ಮಳೆ ಸುರಿದು ಮಳವಳ್ಳಿ ಒಣಗಿದ್ದರೂ ನಿಜವೇ ಆಗುತ್ತದೆ. ಇದನ್ನು ಅರಿಯದೆ ಮುನ್ಸೂಚನೆ ಸುಳ್ಳಾಯಿತೆಂದು ದೂರುವವರು ಅನೇಕರು. 'ಭಾರೀ ಮಳೆ' ಎಂಬುದಕ್ಕೂ 24 ಗಂಟೆಗಳಲ್ಲಿ 64.5 ಮಿಲಿಮೀಟರಿನ ಮಿತಿಯುಂಟು. ಇನ್ನು ಬಣ್ಣಗಳು: ಹಸುರಿಗೆ ಎಚ್ಚರಿಕೆಯಿಲ್ಲ, ಹಳದಿಯಾದರೆ ಸುದ್ದಿಯ ಮೇಲೆ ಕಣ್ಣಿಡಬೇಕು, ಕಿತ್ತಳೆಯಾದರೆ ಸಿದ್ಧರಾಗಬೇಕು, ಕೆಂಪಾದರೆ ಕೂಡಲೆ ಕಾರ್ಯಕ್ಕಿಳಿಯಬೇಕು.

ನಕ್ಷೆಯ ಮಿತಿಯನ್ನೂ ಹೇಳದಿದ್ದರೆ ತಪ್ಪಾದೀತು. ಏಪ್ರಿಲ್ ಮೇ ತಿಂಗಳುಗಳ ಮಧ್ಯಾಹ್ನದಲ್ಲಿ ಹುಟ್ಟಿ ಸಂಜೆಯೊಳಗೆ ಸಾಯುವ ಗುಡುಗಿನ ಮೋಡವು ಬೆಳಗಿನ ನಕ್ಷೆಯಲ್ಲಿ ಕಾಣದು. ಅಂಥ ಮಳೆ ಮದ್ದೂರಿನ ಒಂದು ಊರನ್ನು ನೆನೆಯಿಸಿ ಪಕ್ಕದ ಊರನ್ನು ಬಿಟ್ಟುಬಿಡಬಹುದು. ಅದಕ್ಕೆ ರೇಡಾರು, ಉಪಗ್ರಹದ ಚಿತ್ರ ಇವು ಬೇಕು. ಈಗ ಇವೆಲ್ಲವೂ ಮೊಬೈಲಿನಲ್ಲಿಯೇ ದೊರೆಯುತ್ತವೆ. ರಾಜ್ಯದ ಪ್ರಕೃತಿ ವಿಕೋಪ ಉಸ್ತುವಾರಿ ಕೇಂದ್ರದವರು ಗ್ರಾಮ ಪಂಚಾಯಿತಿಗಳಲ್ಲಿ ಮಳೆಮಾಪಕಗಳನ್ನು ಇಟ್ಟಿದ್ದಾರೆ, 'ವರುಣ ಮಿತ್ರ' ಎಂಬ ದೂರವಾಣಿಯ ಸೇವೆಯನ್ನೂ ನಡೆಸುತ್ತ ಬಂದಿದ್ದಾರೆ. ಸಾಧನಗಳಿಗೆ ಕೊರತೆಯಿಲ್ಲ, ಓದುವ ಅಭ್ಯಾಸವೊಂದು ಬೇಕು.

ನಕ್ಷೆಯು ಮಳೆಯನ್ನು ತರಿಸಲಾರದು, ತಡೆಯಲಾರದು. ಆದರೆ ಕೇಳಬೇಕಾದ ಪ್ರಶ್ನೆಯನ್ನು ಅದು ಕಲಿಸುತ್ತದೆ. 'ನಾಳೆ ಮಳೆ ಬರುವುದೆ?' ಎಂದು ಕೇಳುವುದಕ್ಕೆ ಮೊದಲು 'ನನ್ನ ಬೆಳೆಯ ನೀರು ಯಾವ ಆಕಾಶದಿಂದ ಬರುತ್ತದೆ? ಅಲ್ಲಿ ಗಾಳಿ ಯಾವ ಕಡೆಯಿಂದ ಬೀಸುತ್ತಿದೆ?' ಎಂದು ಕೇಳಿಕೊಳ್ಳಬೇಕು. ಪಾಠಶಾಲೆಗಳ ಉಪಾಧ್ಯಾಯರು ದಿನದ ನಕ್ಷೆಯೊಂದನ್ನು ಗೋಡೆಗೆ ಅಂಟಿಸಿ ಮಕ್ಕಳಿಂದ ಓದಿಸಿದರೆ, ಆ ಮಕ್ಕಳು ಮನೆಗೆ ಹೋಗಿ ಹಿರಿಯರಿಗೆ ಓದಿ ಹೇಳಿಯಾರು. ಒಂದು ವರ್ಷದ ರಾಗಿ ಕಣದಲ್ಲಿ ನೆನೆಯದೆ ಮನೆ ಸೇರುವುದು ಎಷ್ಟೋ ವೇಳೆ ಇಷ್ಟರ ಮೇಲೆ ನಿಂತಿರುತ್ತದೆ.