ಕಣ್ಣಾರೆ ಕಂಡವನು, ಅಲ್ಲಿರಲೇ ಇಲ್ಲವೆಂಬವನು



ಕೊಲೆ ಮೊಕದ್ದಮೆಯಲ್ಲಿ ಸಾಕ್ಷಿಕಟ್ಟೆ ಹತ್ತಿದವನು "ಗುಂಡು ಹಾರಿಸಿದವನು ಇವನೇ, ಕಣ್ಣಾರೆ ಕಂಡೆ" ಎನ್ನುತ್ತಾನೆ. ಆರೋಪಿಯೋ, "ಆ ಹೊತ್ತಿನಲ್ಲಿ ನಾನು ಅಲ್ಲಿರಲೇ ಇಲ್ಲ" ಎನ್ನುತ್ತಾನೆ. ನ್ಯಾಯಾಧೀಶರು ಈ ಎರಡು ಮಾತುಗಳನ್ನೂ ತಕ್ಕಡಿಯ ಎರಡು ತಟ್ಟೆಗಳಲ್ಲಿಟ್ಟು ತೂಗುತ್ತಾರೆಂದು ನಮ್ಮಲ್ಲಿ ಬಹಳ ಮಂದಿ ತಿಳಿದಿದ್ದಾರೆ. ಕಾನೂನಿನ ಕ್ರಮ ಹಾಗಿಲ್ಲ. ಮೊದಲು ಪ್ರಾಸಿಕ್ಯೂಷನ್ ತನ್ನ ಕಾಲ ಮೇಲೆ ತಾನು ನಿಲ್ಲಬೇಕು. ಆಮೇಲೆಯೇ ಆರೋಪಿಯ ಉತ್ತರದ ವಿಚಾರ.

ಆದ್ದರಿಂದ ಮೊದಲ ಪರೀಕ್ಷೆ ಪ್ರತ್ಯಕ್ಷ ಸಾಕ್ಷಿಯದು. ಎಷ್ಟು ಜನ ನೋಡಿದರು ಎಂಬುದು ಮುಖ್ಯವಲ್ಲ. 1957ರಲ್ಲಿ ವಡಿವೇಲು ತೇವರ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಸಾಕ್ಷಿಗಳನ್ನು ಮೂರು ಬಗೆಯಾಗಿ ವಿಂಗಡಿಸಿತು: ಪೂರ್ತಿ ನಂಬಬಹುದಾದವರು, ಪೂರ್ತಿ ನಂಬಲಾಗದವರು, ಇವೆರಡೂ ಅಲ್ಲದವರು. ಮೊದಲ ಬಗೆಯವನು ಒಬ್ಬನೇ ಇದ್ದರೂ ಸಾಕು. ಮೂರನೆಯ ಬಗೆಯವನಾದರೆ ಬೇರೆ ಆಧಾರ ಹುಡುಕಬೇಕು. ಬೆಳಕು ಎಷ್ಟಿತ್ತು, ದೂರವೆಷ್ಟು, ಆರೋಪಿಯ ಪರಿಚಯ ಮೊದಲೇ ಇತ್ತೇ, ಪ್ರಥಮ ವರ್ತಮಾನ ವರದಿ ತಡವಾಯಿತೇ ಎಂಬ ಪ್ರಶ್ನೆಗಳೆಲ್ಲ ಇಲ್ಲಿ ಬರುತ್ತವೆ.

ಸುಳ್ಳು ಹೇಳುವ ಸಾಕ್ಷಿ ಪಾಟೀಸವಾಲಿನಲ್ಲಿ ಸಿಕ್ಕಿಬೀಳಬಹುದು. ಪ್ರಾಮಾಣಿಕವಾಗಿ ತಪ್ಪು ನೆನಪಿಟ್ಟವನು ಸಿಕ್ಕಿಬೀಳುವುದು ಕಷ್ಟ, ಏಕೆಂದರೆ ಅವನು ಸುಳ್ಳು ಹೇಳುತ್ತಿಲ್ಲ. 1974ರಲ್ಲಿ ಪ್ರಕಟವಾದ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ಅವರ ಪ್ರಯೋಗ, ಚಿತ್ರ ತೋರಿಸುವುದನ್ನೇ ವೃತ್ತಿಯಾಗಿಸಿಕೊಂಡ ನನಗೆ ವಿಶೇಷವಾಗಿ ಕಂಡಿದೆ. ಕಾರು ಅಪಘಾತದ ಒಂದೇ ಚಿತ್ರವನ್ನು ಎಲ್ಲರಿಗೂ ತೋರಿಸಿ, ಕೆಲವರಿಗೆ ಕಾರುಗಳು "ತಾಗಿದಾಗ" ವೇಗವೆಷ್ಟಿತ್ತೆಂದು, ಇನ್ನು ಕೆಲವರಿಗೆ "ಅಪ್ಪಳಿಸಿದಾಗ" ಎಷ್ಟಿತ್ತೆಂದು ಕೇಳಿದರು. ಒಂದು ವಾರದ ನಂತರ, ಒಡೆದ ಗಾಜು ಕಂಡಿತೇ ಎಂಬ ಪ್ರಶ್ನೆ. "ಅಪ್ಪಳಿಸಿದ" ಗುಂಪಿನ 50 ಜನರಲ್ಲಿ 16 ಮಂದಿ ಹೌದೆಂದರು. "ತಾಗಿದ" ಗುಂಪಿನ 50ರಲ್ಲಿ 7 ಮಂದಿ. ಚಿತ್ರದಲ್ಲಿ ಒಡೆದ ಗಾಜು ಇರಲೇ ಇಲ್ಲ! ಉತ್ತರವನ್ನು ಬಾಯಿಗಿಡುವ ಪ್ರಶ್ನೆಗಳನ್ನು ಮುಖ್ಯ ವಿಚಾರಣೆಯಲ್ಲಿ ಕಾನೂನು ಸಾಮಾನ್ಯವಾಗಿ ಒಪ್ಪುವುದಿಲ್ಲ. ಆದರೆ ಪೊಲೀಸ್ ಠಾಣೆಯಲ್ಲಿ ಮೊದಲ ಪ್ರಶ್ನೆ ಕೇಳಿದ ಬಗೆ ಹೇಗಿತ್ತೋ, ಅದನ್ನು ನ್ಯಾಯಾಲಯ ಕಂಡಿರುವುದಿಲ್ಲ.

ಇನ್ನು ಆರೋಪಿಯ ಮಾತು. ಬೇರೆ ಕಡೆ ಇದ್ದೆನೆಂಬ ವಾದಕ್ಕೆ ವಕೀಲರು ಅಲಿಬಿ ಎನ್ನುತ್ತಾರೆ. 1872ರ ಸಾಕ್ಷ್ಯ ಕಾಯಿದೆಯ 11ನೇ ಕಲಮಿನ ಉದಾಹರಣೆಯಲ್ಲಿ ಅಪರಾಧ ನಡೆದದ್ದು ಕಲ್ಕತ್ತೆಯಲ್ಲಿ, ಆರೋಪಿ ಅಂದು ಇದ್ದದ್ದು ಲಾಹೋರಿನಲ್ಲಿ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ಊರುಗಳು ಚೆನ್ನೈ ಮತ್ತು ಲಡಾಖ್ ಆಗಿವೆ. ಅಷ್ಟು ದೂರವಿದ್ದರೆ ನ್ಯಾಯಾಧೀಶರಿಗೆ ತಲೆನೋವೇ ಇಲ್ಲ. ನಿಜವಾದ ಮೊಕದ್ದಮೆಗಳು ಅರ್ಧ ಗಂಟೆಯ ದಾರಿಯಲ್ಲಿ ಸಿಕ್ಕಿಕೊಳ್ಳುತ್ತವೆ.

1981ರಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದ ಅಲಹಾಬಾದಿನ ಕೊಲೆ ಪ್ರಕರಣವನ್ನೇ ನೋಡಿ. ಹತ್ಯೆ ನಡೆದದ್ದು ಬೆಳಿಗ್ಗೆ 9ರ ಸುಮಾರಿಗೆ. ಆರೋಪಿ ಆ ಹೊತ್ತಿಗೆ ನೈನಿಯ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಕಾರ್ಖಾನೆಯಲ್ಲಿ, ಅಂದರೆ ನಮ್ಮ ದೂರವಾಣಿನಗರದ ಐ.ಟಿ.ಐ.ಯ ಸೋದರ ಘಟಕದಲ್ಲಿ, ಕೆಲಸದಲ್ಲಿದ್ದನೆಂದು ವಾದ. ಅವನ ಪರ ಸಾಕ್ಷಿಗಳೂ ಇದ್ದರು. ಅವರ ಮಾತನ್ನು ಹಾಗೆಯೇ ಒಪ್ಪಿದರೂ, ಎಂಟೂವರೆಗೆ ಕಾರ್ಖಾನೆಯಲ್ಲಿದ್ದವನು ಒಂಬತ್ತಕ್ಕೆ ಕೊಲೆಯ ಸ್ಥಳದಲ್ಲಿರಬಹುದಿತ್ತು. ಕೆಲಸಗಾರರು ಒಳಗೆ ಬರುವಾಗ ಕಾರ್ಡು ಪಂಚ್ ಮಾಡುತ್ತಿದ್ದರು. ಹೊರಗೆ ಹೋಗುವಾಗ ಮಾಡಬೇಕಾಗಿರಲಿಲ್ಲ! ಅಲಿಬಿ ನಿಲ್ಲಬೇಕಾದರೆ ಆರೋಪಿ ಸ್ಥಳದಲ್ಲಿರುವುದು ಭೌತಿಕವಾಗಿ ಅಸಾಧ್ಯವಾಗಿರಬೇಕು ಎಂದಿತು ನ್ಯಾಯಾಲಯ. ಅಪರಾಧ ಸಾಬೀತಾಯಿತು, ಮರಣದಂಡನೆ ಮಾತ್ರ ಜೀವಾವಧಿ ಶಿಕ್ಷೆಗೆ ಇಳಿಯಿತು. ಅದೇ ತೀರ್ಪಿನಲ್ಲಿ ಇನ್ನೊಂದು ಮಾತೂ ಇದೆ: ಆರೋಪಿಯ ಪರ ಸಾಕ್ಷಿಗಳನ್ನು ಹುಟ್ಟಾ ಅನುಮಾನದಿಂದ ನೋಡಬಾರದು, ಎರಡೂ ಕಡೆಯ ಸಾಕ್ಷಿಗಳಿಗೆ ಸಮಾನ ಮರ್ಯಾದೆ ಸಲ್ಲಬೇಕು. ನನ್ನ ದೃಷ್ಟಿಯಲ್ಲಿ ತೀರ್ಪಿನ ತೂಕದ ಭಾಗ ಇದೇ.

ಅಲಿಬಿ ಬಿದ್ದುಹೋಯಿತೆಂದರೆ ಆರೋಪಿಯೇ ಕೊಲೆಗಾರನೆಂದಾಯಿತೇ? ಇಲ್ಲ. ಹೆದರಿದ ನಿರಪರಾಧಿಯೂ ಸುಳ್ಳು ಅಲಿಬಿ ಹೇಳಬಹುದಲ್ಲ! ಅಲಿಬಿಯನ್ನು ರುಜುವಾತು ಮಾಡುವ ಭಾರ ಆರೋಪಿಯ ಮೇಲಿದ್ದರೂ, ಅದರಿಂದ ಪ್ರಾಸಿಕ್ಯೂಷನ್ನಿನ ಭಾರ ಕಡಿಮೆಯಾಗದೆಂದು ಬಿಹಾರದ ಮೊಕದ್ದಮೆಯೊಂದರ 1997ರ ವರದಿಯಾದ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ಅಲಿಬಿ ಪೂರ್ತಿ ಸಾಬೀತಾಗದೆಯೂ ನ್ಯಾಯಾಧೀಶರ ಮನಸ್ಸಿನಲ್ಲಿ ಸಕಾರಣ ಸಂಶಯ ಎಬ್ಬಿಸಿದರೆ, ಆ ಸಂಶಯದ ಲಾಭ ಆರೋಪಿಗೆ.

ಈಗ ಪಂಚ್ ಕಾರ್ಡಿನ ಜಾಗಕ್ಕೆ ಮೊಬೈಲ್ ಟವರ್, ಸಿ.ಸಿ. ಕ್ಯಾಮೆರಾ ಬಂದಿವೆ. ಕ್ಯಾಮೆರಾದ ಗಡಿಯಾರ ಹತ್ತು ನಿಮಿಷ ಹಿಂದೆ ಇದ್ದರೆ ಅಲಿಬಿಯೂ ಹತ್ತು ನಿಮಿಷ ಅತ್ತಿತ್ತ ಆಗುತ್ತದೆ. ಟವರ್ ತಿಳಿಸುವುದು ಫೋನು ಎಲ್ಲಿತ್ತೆಂದು. ಅದು ಯಾರ ಜೇಬಿನಲ್ಲಿತ್ತೆಂದು ಹೇಳಲು ಮತ್ತೆ ಒಬ್ಬ ಸಾಕ್ಷಿಯೇ ಕಟ್ಟೆ ಹತ್ತಬೇಕು.